ಶಾಲೆಗೆ ಹಳೇ ಮೈಕ್ರೋಸ್ಕೋಪ್ ಕೊಳ್ಳಿ, ಆದರೆ ಲೆನ್ಸ್ ಮೇಲಿನ ಅಂಕಿ ಓದಿ ಕೊಳ್ಳಿ

ನಮ್ಮ ಹಳ್ಳಿ ಹೈಸ್ಕೂಲಿನ ಮಕ್ಕಳು ಜೀವಕೋಶದ ಚಿತ್ರ ಬಿಡಿಸುತ್ತಾರೆ, ಭಾಗ ಗುರುತಿಸುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಅದೇ ಜೀವಕೋಶವನ್ನು ಈರುಳ್ಳಿ ಪೊರೆಯಲ್ಲಿ ಕಣ್ಣಾರೆ ಕಂಡವರು ಎಷ್ಟು ಮಂದಿ? ಎಷ್ಟೋ ಕಡೆ ಮೈಕ್ರೋಸ್ಕೋಪ್ ಕೆಟ್ಟು ಬೀರು ಸೇರಿರುತ್ತದೆ. ಹಳೇ ವಿದ್ಯಾರ್ಥಿಗಳು ಹಣ ಕೂಡಿಸಿ ಕೊಡಿಸಲು ಬಂದರೆ, 'ಕೊಡೋದಾದ್ರೆ ಹೊಸದೇ ಕೊಡಿ, ಹಳೇದು ಯಾಕೆ?' ಅನ್ನುವ ಮಾತು ಏಳುತ್ತದೆ.

ನಾವು ಹಳೇದರ ಪರ. ಕಡಿಮೆ ಬೆಲೆಯ ಹೊಸ ಪ್ಲಾಸ್ಟಿಕ್ ಮೈಕ್ರೋಸ್ಕೋಪಿಗಿಂತ, ಕಾಲೇಜು ಲ್ಯಾಬಿನಿಂದ ಹೊರಬಂದ ಗಟ್ಟಿ ಲೋಹದ್ದು ಶಾಲೆಗೆ ಮೇಲು. ಅದು ರಿಪೇರಿ ಆಗುತ್ತದೆ, ಬಿಡಿಭಾಗವೂ ಸಿಗುತ್ತದೆ.

ಇದರ ಹಿಂದೆ ಒಂದು ಹಳೇ ಒಪ್ಪಂದವಿದೆ. ಕೆಳಗಿನ ಲೆನ್ಸನ್ನು, ಅಂದರೆ ಅಬ್ಜೆಕ್ಟಿವನ್ನು, ತಿರುಗಿಸಿ ಕೂರಿಸುವ ಮರೆಗೆ ಲಂಡನ್ನಿನ ಮೈಕ್ರೋಸ್ಕೋಪ್ ಸಂಘ 1858ರಲ್ಲಿ ಒಂದು ಅಳತೆ ಗೊತ್ತು ಮಾಡಿತು. ಸುಮಾರು 0.8 ಇಂಚಿನ ಆ ಮರೆಯನ್ನೇ ಮುಂದೆ ಬಹಳಷ್ಟು ಕಂಪನಿಗಳು ಬಳಸಿದವು. ಹಾಗಾಗಿ ಹರಿಯಾಣದ ಅಂಬಾಲದಲ್ಲಿ ತಯಾರಾದ ಲೆನ್ಸ್ ಎಷ್ಟೋ ಹಳೇ ವಿದೇಶಿ ಮೈಕ್ರೋಸ್ಕೋಪಿಗೂ ಕೂರುತ್ತದೆ.

ಕೂತ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ಅಂತಲ್ಲ. ಲೆನ್ಸ್ ಮೇಲಿನ ಅಂಕಿ ಓದಿ. '40/0.65' ಎಂದಿದ್ದರೆ 40 ಪಟ್ಟು ದೊಡ್ಡದು ಮಾಡುತ್ತದೆ ಎಂದರ್ಥ. 0.65 ಎಂಬುದು ಸಣ್ಣ ವಿವರವನ್ನು ಬಿಡಿಸಿ ತೋರಿಸುವ ಶಕ್ತಿ. ಅದರ ಕೆಳಗೆ '160/0.17' ಇದ್ದರೆ, ಅದು 160 ಮಿಲಿಮೀಟರ್ ಕೊಳವೆಗೂ 0.17 ಮಿಲಿಮೀಟರ್ ದಪ್ಪದ ಕವರ್ ಗಾಜಿಗೂ ಮಾಡಿದ್ದು. 160ರ ಜಾಗದಲ್ಲಿ ಮಲಗಿದ ಎಂಟರಂಥ ಗುರುತು (∞) ಇದ್ದರೆ ಹಳೇ ಮೈಕ್ರೋಸ್ಕೋಪಿಗೆ ಅದು ಹೊಂದುವುದಿಲ್ಲ. ಲೈಟ್ಜ್ ಕಂಪನಿಯ ಹಳೇ ಲೆನ್ಸುಗಳದ್ದು 170ರ ಲೆಕ್ಕ.

'1200 ಪಟ್ಟು' ಎಂದು ಡಬ್ಬಿ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. ಆ ಎರಡನೇ ಅಂಕಿಯನ್ನು ಸಾವಿರದಿಂದ ಗುಣಿಸಿದರೆ ಬರುವುದೇ ಉಪಯೋಗಕ್ಕೆ ಬರುವ ಮಿತಿ. 0.65ರ ಲೆನ್ಸಿಗೆ ಅದು ಸುಮಾರು 650. ಅದಕ್ಕಿಂತ ದೊಡ್ಡದು ಮಾಡಿದರೆ ಮಸುಕೇ ದೊಡ್ಡದಾಗುತ್ತದೆ. ಈರುಳ್ಳಿಯ ಜೀವಕೋಶಕ್ಕೆ 100 ಪಟ್ಟೇ ಸಾಕು.

ದುಡ್ಡು ಕೊಡುವ ಮೊದಲು ಅಬ್ಜೆಕ್ಟಿವ್ ಬಿಚ್ಚಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಗಾಜು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಅದು ಗಾಜಿನ ಲೇಪವನ್ನೇ ತಿಂದಿದ್ದರೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ಮಲೆನಾಡು, ಕರಾವಳಿಯ ತೇವಕ್ಕೆ ಇದು ಬೇಗ ಹಿಡಿಯುತ್ತದೆ. ಫೋಕಸ್ ತಿರುಪು ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ಹಳೇ ಗ್ರೀಸ್ ಗಟ್ಟಿಯಾಗಿರಬಹುದು. ಕಣ್ಣಿಡುವ ಐಪೀಸನ್ನು ತಿರುಗಿಸಿದಾಗ ಕಲೆಯೂ ತಿರುಗಿದರೆ ಕೊಳೆ ಐಪೀಸಿನಲ್ಲೇ ಇದೆ. ಅದೊಂದನ್ನೇ ಬದಲಾಯಿಸಿದರೆ ಆಯಿತು.

ಬರೀ ದೇಹ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ. ಬೆಲೆಯಿರುವ ಲೆನ್ಸುಗಳನ್ನು ಬಿಚ್ಚಿ ಬೇರೆ ಮಾರುವವರೂ ಇದ್ದಾರೆ. ಒಂದೊಂದಾಗಿ ಕೂಡಿಸುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಲೆನ್ಸ್, ಐಪೀಸ್, ಕಂಡೆನ್ಸರ್ ಎಲ್ಲ ಇರುವ ಪೂರ್ತಿ ಸೆಟ್ಟನ್ನೇ ಹುಡುಕಿ.

ಕೆಳಗೆ ಕನ್ನಡಿ ಇರುವ ಮಾದರಿ ಹಳ್ಳಿಗೆ ಇನ್ನೂ ಅನುಕೂಲ. ಕರೆಂಟಿನ ಹಂಗಿಲ್ಲ, ಕಿಟಕಿಯ ಬೆಳಕು ಸಾಕು. ಆದರೆ ಕನ್ನಡಿಯನ್ನು ಸೂರ್ಯನ ಕಡೆ ಮಾತ್ರ ತಿರುಗಿಸಕೂಡದು, ಮಕ್ಕಳ ಕಣ್ಣಿಗೇ ಅಪಾಯ.

ಹೊಸದಕ್ಕೆ ಗ್ಯಾರಂಟಿ ಇದೆಯಲ್ಲ ಅನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ರಕ್ತ ಪರೀಕ್ಷೆಯ ಲ್ಯಾಬಿಗಾದರೆ ನಾವೂ ಹೊಸದನ್ನೇ ಕೇಳುತ್ತೇವೆ, ಅಲ್ಲಿ ರೋಗಿಯ ಜೀವದ ಪ್ರಶ್ನೆ. ಶಾಲೆಯಲ್ಲಿ ಬೇಕಾದದ್ದು ಮಕ್ಕಳ ಕೈ ತಡೆದುಕೊಳ್ಳುವ, ಕೆಟ್ಟರೆ ಬಿಚ್ಚಿ ಸರಿಮಾಡಬಹುದಾದ ಯಂತ್ರ.

ಎಸ್‌ಡಿಎಂಸಿಯವರಲ್ಲಿ ನಮ್ಮದೊಂದು ಕೋರಿಕೆ. ಕೊಳ್ಳುವ ಮೊದಲು ನಿಮ್ಮ ಶಾಲೆಯ ಬೀರು ತೆಗೆಸಿ ನೋಡಿ. ಎರಡು ಕೆಟ್ಟವುಗಳ ಭಾಗ ಸೇರಿ ಒಂದು ಒಳ್ಳೆಯದಾಗಬಹುದು. ಅದನ್ನು ನೋಡದೆ ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಿದರೆ ಕಬ್ಬಿಣದ ದುಡ್ಡು ಬರುತ್ತದೆ, ಲೆನ್ಸ್ ಕೈಬಿಟ್ಟು ಹೋಗುತ್ತದೆ.