ದಯೆಗೆ ರೋಗನಿದಾನವೂ ಬೇಕು

ಮುದಿ ಎತ್ತೊಂದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಿದೆ. ಒಂದೇ ಹೊಳ್ಳೆಯಿಂದ ರಕ್ತ ಬೆರೆತ, ದುರ್ವಾಸನೆಯ ಸಿಂಬಳ ಸುರಿಯುತ್ತಿದೆ. ಗೋಶಾಲೆಗಳಲ್ಲಿ ಇಂತಹ ನೋಟವನ್ನು ಶೀತವೆಂದೋ ಮುಪ್ಪೆಂದೋ ತಳ್ಳಿಹಾಕುವುದು ಸುಲಭ. ಆದರೆ ಆ ತಲೆಯೊಳಗೆ ಗಡ್ಡೆಯೊಂದು ಎಲುಬನ್ನು ಕೊರೆಯುತ್ತಿರಬಹುದು.

ಬೆಳೆದ ದನದ ಹಣೆಯೆಲುಬಿನ ಒಳಗಿರುವ ಸೈನಸ್ ಎಂಬ ಗಾಳಿಗೂಡು ಕೊಂಬಿನ ತಿರುಳಿನವರೆಗೂ ಚಾಚಿರುತ್ತದೆ. ಭಾರತದ ಪಶುವೈದ್ಯರಿಗೆ ಚಿರಪರಿಚಿತವಾದ ಕೊಂಬಿನ ಕ್ಯಾನ್ಸರ್ ಹುಟ್ಟುವುದು ಈ ಟೊಳ್ಳಿನ ಒಳಪೊರೆಯಲ್ಲಿ. ಅದು ಹಸು, ಹೋರಿಗಳಿಗಿಂತ ಎತ್ತುಗಳಲ್ಲಿಯೇ ಹೆಚ್ಚು. ಎಲುಬಿನಿಂದಲೇ ಹುಟ್ಟುವ ಗಡ್ಡೆಗಳು ವಿರಳವಾದರೂ ಇಲ್ಲವೆನ್ನುವಂತಿಲ್ಲ.

ನಿದಾನದ ಮೊದಲ ಹೆಜ್ಜೆಗೆ ಯಂತ್ರ ಬೇಡ. ಹೊಳ್ಳೆಗಳ ಮುಂದೆ ಹತ್ತಿಯ ಎಳೆ ಹಿಡಿದರೆ ಯಾವ ಕಡೆ ಉಸಿರು ಕಟ್ಟಿದೆಯೆಂಬುದು ತಿಳಿಯುತ್ತದೆ. ಹಣೆಯನ್ನು ಬೆರಳಿನಿಂದ ತಟ್ಟಿದಾಗ ಆರೋಗ್ಯವಿರುವ ಕಡೆ ಟೊಳ್ಳು ದನಿ ಕೇಳಿಸುತ್ತದೆ. ಕೀವು ಅಥವಾ ಗಡ್ಡೆ ತುಂಬಿದ್ದರೆ ದನಿ ಮಂದವಾಗುತ್ತದೆ. ಕೆರೆಯ ಬಸವನಹುಳುವಿನ ಮೂಲಕ ಹರಡುವ ಗೊರಕೆ ರೋಗವೂ ಮೂಗಿನಲ್ಲಿ ಗಂಟು ಕಟ್ಟುತ್ತದೆ. ಆದರೆ ಅದರ ಹುಳುವಿನ ಮೊಟ್ಟೆಗಳು ಸಿಂಬಳದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುತ್ತವೆ, ಅದಕ್ಕೆ ಔಷಧವೂ ಉಂಟು. ಎಲುಬು ಎಷ್ಟು ಸವೆದಿದೆಯೆಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಕೊನೆಯ ಮಾತನ್ನು ಹೇಳುವುದು ಮಾತ್ರ ಗಡ್ಡೆಯ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ನಡೆಸುವ ಬಯಾಪ್ಸಿ ಪರೀಕ್ಷೆ.

ಈ ಕೊಯ್ತವೂ ಹಿಂಸೆಯಲ್ಲವೇ ಎಂಬ ಅಳುಕು ಕೆಲವು ಶ್ರಾವಕರಲ್ಲಿದೆ. ಅರಿವಳಿಕೆ ನೀಡಿ ಮಾಡುವ ಕ್ಷಣದ ಗಾಯವನ್ನು ತಿಂಗಳುಗಟ್ಟಲೆ ಕೊಳೆಯುವ ಕೊಂಬಿನ ಯಾತನೆಯೊಡನೆ ತೂಗಿ ನೋಡಬೇಕು. ಕೊಂಬಿನ ಕ್ಯಾನ್ಸರ್ ಬೇಗ ಪತ್ತೆಯಾದರೆ ಕೊಂಬನ್ನು ತೆಗೆದು ಪ್ರಾಣಿಯನ್ನು ಉಳಿಸುವ ಅವಕಾಶವಿದೆ. ತಡವಾದರೆ ನೋವನ್ನು ತಗ್ಗಿಸುವುದಷ್ಟೇ ಉಳಿಯುವ ಕರ್ತವ್ಯ.

ಮಹಾರಾಷ್ಟ್ರದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಗೂ ನಿಷೇಧವಿದೆ. ಕರ್ನಾಟಕವೂ 2020ರ ಕಠಿಣ ಶಾಸನವನ್ನು ಜಾರಿಗೆ ತಂದಿತು. ಜೈನ ಸಮಾಜದ ಅನೇಕರು ಇವುಗಳನ್ನು ಹರ್ಷದಿಂದ ಸ್ವಾಗತಿಸಿದರು. ಆದರೆ ಪ್ರಾಣ ಉಳಿಸುವ ಶಾಸನವು ಉಳಿದ ಪ್ರಾಣದ ನೋವಿಗೆ ತಾನೇ ಮದ್ದಾಗದು. ಪ್ರಾಣಿಗೆ ಅನಗತ್ಯ ನೋವಾಗದಂತೆ ತಡೆಯುವುದು ಅದನ್ನು ಸಾಕುವವರ ಕರ್ತವ್ಯವೆಂದು ಪ್ರಾಣಿಹಿಂಸೆ ತಡೆಯುವ 1960ರ ಕೇಂದ್ರ ಕಾಯಿದೆ ಹೇಳುತ್ತದೆ. ಗೋಶಾಲೆಗೆ ಅನುದಾನ ನೀಡುವ ಸರ್ಕಾರಗಳು ಮೇವಿನ ಲೆಕ್ಕದೊಡನೆ ರೋಗತಪಾಸಣೆಯ ಲೆಕ್ಕವನ್ನೂ ಕೇಳಬೇಕು.

ಮುಂಬಯಿಯ ಪಾಂಜರಾಪೋಳ್ 1834ರಷ್ಟು ಹಳೆಯದು. ಅಷ್ಟು ದೀರ್ಘ ಪರಂಪರೆಯ ನಗರಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ಹುಲ್ಲಿನ ಹಣ ಕಳುಹಿಸುತ್ತವೆ. ಅದು ಆಹಾರದಾನ, ಆಶ್ರಯವು ಅಭಯದಾನ. ಚತುರ್ವಿಧ ದಾನದಲ್ಲಿ ಔಷಧ, ಶಾಸ್ತ್ರಗಳಿಗೂ ಸಮಾನ ಸ್ಥಾನವಿದೆ. ನಾಲ್ಕಾರು ಗೋಶಾಲೆಗಳು ಕೂಡಿ ಒಂದು ಎಕ್ಸ್‌ರೇ ಯಂತ್ರವನ್ನು ಹಂಚಿಕೊಳ್ಳಲಿ. ಒಬ್ಬ ಪಶುವೈದ್ಯರು ಆರು ತಿಂಗಳಿಗೊಮ್ಮೆ ಪ್ರತಿಯೊಂದು ತಲೆಯನ್ನೂ ಮುಟ್ಟಿ ನೋಡಿ ದಾಖಲಿಸಲಿ. ಪರೀಕ್ಷೆಯ ವೆಚ್ಚಕ್ಕೆ ಪ್ರತ್ಯೇಕ ನಿಧಿಯಿರಲಿ. ಅಮೃತಶಿಲೆಯ ಫಲಕದಲ್ಲಿ ದಾನಿಯ ಹೆಸರು ಆ ಮೇಲೆ ಬಂದರೂ ಸಾಕು.