ಹಳೆ ಸಿನಿಮಾದ ಹೊಸ ಡಿಸ್ಕಿಗೆ ರೊಕ್ಕ ಕೊಡಬೇಕಾ?

ಮಣ್ಣೂರ ಕಡೆಯ ನಾವು ರಾಜಕುಮಾರ್ ಸಿನಿಮಾ ನೋಡಿದ್ದು ಟೀವಿಯಾಗ, ಇಲ್ಲಾ ಗೀರು ಬಿದ್ದ ವಿಸಿಡಿಯಾಗ. ಹಿಂಗಾಗಿ ‘ರೀಮಾಸ್ಟರ್ಡ್’ ಅಂತ ಬರೆದಿದ್ದು ಕಂಡರೆ ಕೈ ಜೇಬಿಗೆ ಹೋಗೋದು ಸಹಜ. ಆದರೆ ಮೊದಲು ಕೇಳಬೇಕಾದ್ದು, ಇದನ್ನ ಯಾವುದರಿಂದ ತಯಾರಿಸ್ಯಾರ ಅಂತ.

ವಿಸಿಡಿ ಚಿತ್ರ ಬರೀ 352×288 ಪಿಕ್ಸೆಲ್. ಅದನ್ನೇ 4ಕೆಗೆ ಹಿಗ್ಗಿಸಿದರೆ ಮುಖ ಮೇಣದ ಗೊಂಬಿ ಆಗ್ತದ. ಸ್ಯಾಂಪಲ್ ಮಾಡದೇ ಬಿಟ್ಟದ್ದು ವಾಪಸ್ ಬರಂಗಿಲ್ಲ ಅಂತ ಸಿಗ್ನಲ್ಸ್ ಪೇಪರಿನಾಗ ಬರೆದು ಪಾಸಾದವರು ನಾವು (ಕೆಲವರು ಎರಡನೇ ಸಲಕ್ಕ). ಆ ವಿವರ ಉಳಿದಿರೋದು 35 ಎಂಎಂ ಫಿಲ್ಮಿನಾಗ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲ್ಮಿನಿಂದಲೇ 4ಕೆಗೆ ಮರುಜೀವ ಪಡೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಕಪ್ಪು-ಬಿಳುಪಾಗೇ!

ಬಣ್ಣ ಹಚ್ಚೋದು ಬೇರೆ ಮಾತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಾಗ ಬಂದವು. ಥೇಟರಿನಾಗ ಸೀಟಿ ಹೊಡಿಯಾಕ ಛಲೋ. ಮನಿಯಾಗ ಇಟ್ಟುಕೊಳ್ಳಾಕ ನಮಗ ಮೂಲ ಕಪ್ಪು-ಬಿಳುಪೇ ಬೇಕು.

ನೆಗೆಟಿವಿನಿಂದ ಸ್ಕ್ಯಾನ್ ಮಾಡಿದ್ದು ಅಂತ ಕವರಿನ ಮೇಲೆ ಇದ್ದರೆ ರೂಮಿನವರೆಲ್ಲ ಪಟ್ಟಿ ಹಾಕಿ ಕೊಳ್ಳೋಣ. ಇಂಥದ್ದಕ್ಕೆ ಗಿರಾಕಿ ಇಲ್ಲ ಅಂದ್ರ ಉಳಿದ ಸಿನಿಮಾಗಳ ಸ್ಕ್ಯಾನಿಂಗಿಗೆ ರೊಕ್ಕ ಹಾಕೋರು ಯಾರು? ಹಳೇ ಅಸಿಟೇಟ್ ಫಿಲ್ಮು ಅಲ್ಲೀತನಕ ಕಾಯಂಗಿಲ್ಲ, ಡಬ್ಬಿಯಾಗೇ ಕೆಟ್ಟು ವಿನೆಗರ್ ನಾರ್ತದ.