ಪೆನ್ಸಿಲ್ ಕೊಡ್ತೀರೇನ್ರಿ ಸರ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಹೋದ ತಿಂಗಳು ಊರಿಗೆ, ಅಂದರೆ ಅಫಜಲಪುರಕ್ಕೆ ಹೋಗಿದ್ದೆ. ಬರುವಾಗ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅದನ್ನು ನಿಮ್ಮ ತಲೆಗೂ ಬಿಡೋಣ ಅಂತ...

ನನ್ನ ಗೆಳೆಯ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರ. ಮಗ್ಗಿ ಹೇಳಿದವರಿಗೆ ಪೆನ್ಸಿಲ್ ಕೊಡುವುದು ಅವನ ರೂಢಿ, ಅದೂ ಸ್ವಂತ ದುಡ್ಡಿನಲ್ಲಿ. ನಾನು ಹೋದ ದಿನ ಐದನೇ ಕ್ಲಾಸಿನ ಒಬ್ಬ ಹುಡುಗನಿಗೆ "ಹದಿಮೂರರ ಮಗ್ಗಿ ಹೇಳೋ" ಅಂದ.

"ಪೆನ್ಸಿಲ್ ಕೊಡ್ತೀರೇನ್ರಿ ಸರ?"

"ಇವತ್ತ ತಂದಿಲ್ಲೋ."

"ಹಂಗಾರ ನಾಳಿಗಿ ಹೇಳ್ತೀನ್ರಿ!"

ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಗೆಳೆಯ ನಗಲಿಲ್ಲ. ಸಂಜೆ ಚಹಾ ಕುಡಿಯುವಾಗ ಹೇಳಿದ: "ಮಗ್ಗಿ ಕಲೀಲಿ ಅಂತ ಪೆನ್ಸಿಲ್ ಕೊಟ್ಟೆ. ಈಗ ಅವರು ನನಗ ಮಗ್ಗಿ ಮಾರಾಕ್ಹತ್ಯಾರ!"

ಅವನ ಅನುಭವ ಹೊಸದಲ್ಲ. ಅಮೆರಿಕದಲ್ಲಿ 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಇದನ್ನೇ ಶಿಶುವಿಹಾರದ ಮಕ್ಕಳಲ್ಲಿ ಕಂಡರು. ಚಿತ್ರ ಬರೆಯುವುದೆಂದರೆ ಪ್ರಾಣ ಅನ್ನುವ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದರು. ಮುಂದೆ ಪ್ರಶಸ್ತಿ ಇಲ್ಲದ ದಿನಗಳಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟು ಮಾತ್ರ.

ಹಾಗಂತ ಬಹುಮಾನವೇ ಬೇಡ ಅನ್ನುವವನು ನಾನಲ್ಲ. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ರಾಜ್ಯ ಸರ್ಕಾರ ಸೇರಿ ನಮ್ಮ ಭಾಗದಲ್ಲಿ ‘ಕಲಿಕಾ ಖಾತ್ರಿ’ ಶುರು ಮಾಡಿದ್ದವು. ಅಲ್ಲಿ ಬಹುಮಾನ ಜಾಣ ಹುಡುಗನಿಗಲ್ಲ, ಶಾಲೆಗೆ. ದಾಖಲಾತಿ, ಹಾಜರಾತಿ, ಕಲಿಕೆ ಮೂರನ್ನೂ ನೋಡುತ್ತಿದ್ದರು. ಇಬ್ಬರು ಮೂವರು ಜಾಣರನ್ನು ಮುಂದೆ ನಿಲ್ಲಿಸಿ ಗೆಲ್ಲುವ ಹಾಗಿರಲಿಲ್ಲ, ಹಿಂದಿನ ಸಾಲಿನವರನ್ನೂ ಎತ್ತಲೇಬೇಕಿತ್ತು. ನನಗೆ ಇದು ಬಹಳ ಹಿಡಿಸಿತ್ತು. ಯಾವುದಕ್ಕೆ, ಯಾರಿಗೆ ಕೊಡುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ.

ಈಗ ಆಳಂದದ ಕಥೆ. ವಾಪಸ್ಸು ಬರುವಾಗ ಅಲ್ಲಿ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದೆ. ಅಕ್ಕನ ಮಗಳು ಗಣಿತ ಸ್ಪರ್ಧೆಯೊಂದರಲ್ಲಿ ಮೊದಲ ಮೂವರಲ್ಲಿ ಬರಲಿಲ್ಲವಂತೆ. "ನನಗ ಗಣಿತ ಬರಂಗಿಲ್ಲ ಮಾಮಾ" ಅಂತ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಸಂಜೆ ನೋಡಿದರೆ ಅದೇ ಹುಡುಗಿ ಕಟ್ಟೆ ಮೇಲೆ ಅಜ್ಜಿ ಜೊತೆ ಚೌಕಾಬಾರ ಆಡುತ್ತಿದ್ದಾಳೆ! ಎಷ್ಟು ಕವಡೆ ಬಿದ್ದರೆ ಯಾವ ಕಾಯಿ ನಡೆಸಬೇಕು, ಯಾವುದು ಹಣ್ಣಾಗುತ್ತದೆ, ಅಜ್ಜಿಯ ಯಾವ ಕಾಯಿ ಹೊಡೆಯಬಹುದು, ಎಲ್ಲ ಲೆಕ್ಕ ಬಾಯಲ್ಲೇ. ಎರಡು ಸಲ ಸೋತಳು. ಮುಖ ಸಣ್ಣದಾಗಲಿಲ್ಲ. "ಇನ್ನೊಂದಾಟ ಅಜ್ಜಿ" ಅಂದಳು ಅಷ್ಟೇ.

ನಾನು ಹೇಳಬೇಕಾದದ್ದು ಇಷ್ಟೇ. ಆಟದ ಗುಟ್ಟು ಬಹುಮಾನದಲ್ಲಿಲ್ಲ, ಆ ‘ಇನ್ನೊಂದಾಟ’ದಲ್ಲಿದೆ. ಸೋತರೆ ಮಾನ ಹೋಗುವುದಿಲ್ಲ, ಕವಡೆ ಮತ್ತೆ ಕೈಗೆ ಬರುತ್ತದೆ. ನಮ್ಮ ಶಾಲೆಗಳು ಆಟದಿಂದ ಬಹುಮಾನವನ್ನು ಮಾತ್ರ ಎತ್ತಿಕೊಂಡು ಇದನ್ನು ಹೊರಗೇ ಬಿಟ್ಟುಬಿಟ್ಟವು.

ಪೂರ್ತಿ ಬಿಟ್ಟಿಲ್ಲ ಅನ್ನಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಅದು ಇದೆ. ಕಲಿಕಾ ಏಣಿ ಮೇಲೆ ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುತ್ತದೆ. ನಾಲ್ಕು ದಿನ ಶಾಲೆ ತಪ್ಪಿಸಿದರೆ, ನಿಂತ ಮೆಟ್ಟಿಲಿಂದಲೇ ಮತ್ತೆ ಶುರು. ಅಪ್ಪ ಅವ್ವನ ಜೊತೆ ಪುಣೆ, ಮುಂಬೈಗೆ ದುಡಿಯಲು ಹೋಗಿ ಬರುವ ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದು? ಆದರೆ ಮೂರನೇ ಕ್ಲಾಸು ದಾಟಿದರೆ ಏಣಿ ಮಾಯ, ಅಂಕಪಟ್ಟಿ ಹಾಜರ್.

ಅಂಕಪಟ್ಟಿಯ ಕಥೆ ಗೊತ್ತೇ ಇದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43, ರಾಜ್ಯಕ್ಕೇ ಕೊನೆ. ಇಂಥ ಹೊತ್ತಿನಲ್ಲೂ ಶಾಲು, ಹಾರ, ನಗದು ಎಲ್ಲ ಮೊದಲ ಮೂವರಿಗೇ. ಅವರು ಹಾರ ಇಲ್ಲದಿದ್ದರೂ ಓದುತ್ತಿದ್ದರು ಸ್ವಾಮಿ! 2024ರಲ್ಲಿ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಕೊಟ್ಟಾಗ ಬೈದವರೇ ಹೆಚ್ಚು. ನನಗೆ ಮಾತ್ರ ಅದರಲ್ಲಿ ‘ಇನ್ನೊಂದಾಟ’ ಕೇಳಿಸಿತ್ತು.

ಗೆಳೆಯನಿಗೆ ಒಂದು ಸಲಹೆ ಕೊಟ್ಟು ಬಂದೆ: ಪೆನ್ಸಿಲ್ ಮೊದಲೇ ಎಲ್ಲರಿಗೂ ಹಂಚಿಬಿಡು, ಅದು ಬರೆಯುವ ಸಾಮಾನು, ಸಂಬಳ ಅಲ್ಲ. ಮಗ್ಗಿಗೆ ಕವಡೆ ತಗೊಂಡು ಹೋಗು. ಮೊನ್ನೆ ಫೋನ್ ಮಾಡಿದ್ದ. ಹದಿಮೂರರ ಮಗ್ಗಿ ಇನ್ನೂ ಪೂರ್ತಿ ಬಂದಿಲ್ಲವಂತೆ, ಆದರೆ ಪೆನ್ಸಿಲ್ ಕೇಳುವುದು ನಿಂತಿದೆಯಂತೆ.

ನಿಮ್ಮ ಶಾಲೆಯಲ್ಲಿ ಏನು ಕೊಡುತ್ತಿದ್ದರು? ಅದರಿಂದ ನೀವು ಕಲಿತಿರಾ, ಇಲ್ಲಾ ಅದಿಲ್ಲದೆಯೂ ಕಲಿಯುತ್ತಿದ್ದಿರಾ? ನೆನಪಿದ್ದರೆ ಬರೆಯಿರಿ.